ಮೂರು ಚುಕ್ಕೆಯ ಮೆದು ಚಾಕು

ಅಪ್ಪಾ,

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಕೇಳೋಣವೆಂದರೆ ನೀನು ಹೋಗಿ ವರ್ಷವಾಯಿತು. ಹುಬ್ಬಳ್ಳಿಯ ಗುಜರಿಯಿಂದ ಯಾರೋ ಬಳಸಿ ಬಿಟ್ಟ ಸಾಣೆ ಯಂತ್ರ ತಂದೆ. ಕೆಳಗೆ ಕಬ್ಬಿಣದ ಹಲಗೆ ಹಿಂದೆ ಮುಂದೆ ಓಡುತ್ತದೆ, ಮೇಲೆ ದುಂಡುಕಲ್ಲು ತಿರುಗಿ ಅಲಗನ್ನು ಸಪಾಟಾಗಿ ಸವೆಸುತ್ತದೆ. ಶಿಗ್ಗಾಂವಿಯ ಹಿಟ್ಟಿನ ಗಿರಣಿಯ ಪಕ್ಕದಲ್ಲಿಟ್ಟು, ಅವರ ಎಂಜಿನ್ನಿಗೇ ಪಟ್ಟಾ ಹಾಕಿಸಿದ್ದೇನೆ. ಬೈಯುತ್ತೀಯಾ? ಬೈ, ಆದರೆ ಪೂರ್ತಿ ಕೇಳಿ ಬೈ.

ಹುಲಗೂರಿನ ನಮ್ಮ ಕುಲುಮೆಯಲ್ಲಿ ನೀನು ಸಾಣೆಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನೀರು ಚಿಮುಕಿಸುತ್ತ, ಒಂದೇ ಚಾಕುವಿಗೆ ಅರ್ಧ ದಿನ ಕಳೆಯುತ್ತಿದ್ದೆ. ನಾನು ಚಡಪಡಿಸಿದರೆ, "ಏನ ಅವಸರ ಐತಿ ನಿನಗ? ಊರಿಗೆ ಬೆಂಕಿ ಬಿದ್ದೇತೇನು?" ಎಂದು ನಗುತ್ತಿದ್ದೆ. ಆ ಅವಸರ ಇನ್ನೂ ನನ್ನನ್ನು ಬಿಟ್ಟಿಲ್ಲ...

ಮೊದಲ ವಾರ ಯಂತ್ರವೇ ನನ್ನನ್ನು ಕುಣಿಸಿತು. ಹಲಗೆ ಅಲ್ಲಾಡುತ್ತಿತ್ತು, ಅಡಿಯಲ್ಲಿ ತಗಡು ತುರುಕಿ ಮಟ್ಟ ಮಾಡಿದೆ. ಕಲ್ಲನ್ನು ಬಿಚ್ಚಿ ಕಟ್ಟಿಗೆಯಿಂದ ತಟ್ಟಿದೆ. ಖಣ್ ಎಂದಿತು, ಬಿರುಕಿರಲಿಲ್ಲ. ಆಮೇಲೆ ನಿನ್ನ ಕ್ರಮದಲ್ಲೇ ನಡೆದೆ. ಹಿಡಿಯ ಹತ್ತಿರ ನಿನ್ನ ಗುರುತಿನ ಮೂರು ಚುಕ್ಕೆ ಒತ್ತಿ, ಕಾಯಿಸಿ, ನೀರಿಗದ್ದಿ ಗಟ್ಟಿ ಮಾಡಿ, ಕಲ್ಲಿಗೆ ಕೊಟ್ಟೆ. ಆದರೆ ನೀರು ಬಿಡದೆ ಒಣಕಲ್ಲಿಗೆ ಕೊಟ್ಟೆ. ನಾಲ್ಕು ಎಳೆತಕ್ಕೇ ಕನ್ನಡಿಯಂತೆ ಹೊಳೆಯಿತು, ಅಂಚಿನಲ್ಲಿ ಮಾತ್ರ ನೀಲಿ ಬಣ್ಣ ಮೂಡಿತು. ಅದೇನೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಅಪ್ಪಾ. ಬಿಸಿ ಹತ್ತಿ ಗಟ್ಟಿತನ ಇಳಿದುಹೋಗಿತ್ತು. ಆದರೂ ಇಟ್ಟಂಗಿ ಪುಡಿಯಿಂದ ಉಜ್ಜಿ ನೀಲಿಯನ್ನು ಅಳಿಸಿ, ಅಂಥ ಆರು ಚಾಕುಗಳನ್ನು ಸವಣೂರಿನ ವೀಳ್ಯದೆಲೆ ತೋಟದವರಿಗೆ ಕೊಟ್ಟು ಬಂದೆ.

ಮನೆಯಲ್ಲಿ ಉಳಿದ ಒಂದನ್ನು ಅವ್ವ ತೆಂಗಿನ ಚಿಪ್ಪಿನ ಮೇಲೆ ಎಳೆದು ನೋಡಿದಳು. ಅಂಚು ಮಡಚಿಕೊಂಡಿತು. "ನಿಮ್ಮಪ್ಪನ ಗುರುತ ಹಾಕಿ ಇಂಥಾದ್ದ ಕೊಟ್ಟೀಯೇನು? ಹೋಗು, ಎಲ್ಲಾ ಹೊಳ್ಳಿ ತೊಗೊಂಡ ಬಾ," ಎಂದವಳು ಎರಡು ದಿನ ನನ್ನನ್ನು ಊಟಕ್ಕೆ ಕರೆಯಲಿಲ್ಲ.

ನಿನ್ನೆ ಸವಣೂರಿಗೆ ಹೋಗಿದ್ದೆ. ಐದು ಮಂದಿ ಬೈದು ಚಾಕು ಮರಳಿಸಿದರು. ಬೈದದ್ದರಿಂದ ಮನಸ್ಸು ಹಗುರಾಯಿತು. ಕೊನೆಗೆ ನಿನ್ನ ಹಳೆಯ ಗಿರಾಕಿ ಹುಸೇನಸಾಬ ಕಾಕಾನ ತೋಟಕ್ಕೆ ಹೋದೆ. ಬಳ್ಳಿ ಕೊಯ್ಯುವ ಕೆಲಸವನ್ನು ಮಗನಿಗೆ ಬಿಟ್ಟು ಅವರು ಬದುವಿನ ಮೇಲೆ ಸುಮ್ಮನೆ ಕೂತಿದ್ದರು. ಚಾಕು ಕೇಳಿದರೆ ಎದೆಗೊತ್ತಿ ಹಿಡಿದರು.

"ಇದನ್ನ ಕೊಡಂಗಿಲ್ಲೋ ತಮ್ಮಾ. ಬಳ್ಳಿ ಕೊಯ್ಯವಲ್ದು ಖರೆ, ಆದ್ರ ಚಾಕುಂದೇನೂ ತಪ್ಪಿಲ್ಲ. ನಿಮ್ಮಪ್ಪನ ಚುಕ್ಕಿ ಅದಾವು ಇದರಾಗ. ನನ್ನ ಕೈಯಾನ ಕಸುವ ಹೋಗೇತಿ. ಇನ್ನ ಸಾಕು ಅಂತ ಕುಂತೇನಿ."

ತಪ್ಪು ಚಾಕುವಿನದೇ ಎಂದು ನಾನು ಹೇಳಲಿಲ್ಲ ಅಪ್ಪಾ. ಅವರು ಕೊಟ್ಟ ಎಲೆ-ಅಡಿಕೆ ಹಾಕಿಕೊಂಡು ಕಳ್ಳನಂತೆ ಎದ್ದು ಬಂದೆ. ಇಂಥ ಹೇಡಿಯನ್ನು ನೀನು ಸಾಕಿದ್ದೆಯಾ? ನಿನ್ನೆಯಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಇವತ್ತು ಕಲ್ಲಿನ ಮೇಲೆ ತೂತಿನ ಗಡಿಗೆ ಕಟ್ಟಿ ನೀರು ತೊಟ್ಟಿಕ್ಕಿಸುತ್ತ, ಕೂದಲೆಳೆಯಷ್ಟೇ ಸವೆಸುತ್ತ ಇಡೀ ದಿನ ಒಂದೇ ಚಾಕು ಮಾಡಿದೆ. ಅವ್ವ ಚಿಪ್ಪಿನ ಮೇಲೆ ಎಳೆದು ನೋಡಿದಳು, ಅಂಚು ಮಡಚಲಿಲ್ಲ, ನನ್ನನ್ನು ಊಟಕ್ಕೆ ಕರೆದಳು. ಅದರ ಮೇಲೆ ನಿನ್ನ ಚುಕ್ಕೆ ಒತ್ತಿಲ್ಲ. ನಾಳೆ ಬೆಳಿಗ್ಗೆ ಅದನ್ನು ಸವಣೂರಿಗೆ ಒಯ್ದು, ಕಾಕಾನಿಗೆ ಅವರ ಮಗನ ಎದುರಿಗೇ ಹೇಳುತ್ತೇನೆ: "ಕಾಕಾ, ನಿಮ್ಮ ಕೈಗೆ ಏನೂ ಆಗಿಲ್ರಿ. ಕೆಟ್ಟದ್ದು ನನ್ನ ಕೆಲಸ. ಏಳ್ರಿ, ಕೊಯ್ದು ನೋಡ್ರಿ."