ಬಾಡಿಗೆ ಕೇಳದ ಮನೆ

ಮಾರ್ಸ್ಡನ್ ಪಾರ್ಕ್, ಸಿಡ್ನಿ
೨೭ ನವೆಂಬರ್ ೨೦೨೫

ನನ್ನ ಪ್ರೀತಿಯ ಮೇದಿನಿ,

ಈ ಕಾಲದಲ್ಲಿ ಕೂತು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯೇ ಎಂದು ನೀನು ನಗುತ್ತಿರಬಹುದು. ನಗು, ಪರವಾಗಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಆ ಕ್ಷಣವೇ ನಿನ್ನ ಅಮ್ಮನಿಗೆ ಹೇಳುತ್ತೀಯ, ನಿನ್ನ ಅಮ್ಮ ನನ್ನ ಅಮ್ಮನಿಗೆ, ನನ್ನ ಅಮ್ಮ ಪದ್ಮಿನಿ ಆಂಟಿಗೆ. ಅರ್ಧ ಗಂಟೆಯಲ್ಲಿ ಸುದ್ದಿ ಮೈಸೂರು ಸುತ್ತಿ ನಾನು ಕೂತಿರುವ, ಅವರದೇ ಈ ಅಡುಗೆಮನೆಗೆ ಬಂದುಬಿಡುತ್ತದೆ. ನನ್ನ ಕ್ಲಾಸಿನ ರಿಯೋನಾ ಅಕ್ಕನ ಮದುವೆಗೆಂದು ಶನಿವಾರ ಮಂಗಳೂರಿಗೆ ಹೊರಟಿದ್ದಾಳೆ. ಅಲ್ಲಿಂದ ನಿನಗೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ ಎಂದಿದ್ದಾಳೆ. ಮೊದಲು ನೀನೊಬ್ಬಳೇ ಓದು.

ಡಿಸೆಂಬರ್ ಹತ್ತರೊಳಗೆ ನೀನು ನಮ್ಮ ಯೂನಿವರ್ಸಿಟಿಯ ಫಾರ್ಮಿನಲ್ಲಿ ಸಿಡ್ನಿ ಅಥವಾ ಮೆಲ್ಬರ್ನ್ ಎಂದು ಗುರುತು ಹಾಕಬೇಕು. ಅದೇ ಫುಡ್ ಟೆಕ್ನಾಲಜಿ, ಅದೇ ಒಂದು ವರ್ಷ, ಕ್ಯಾಂಪಸ್ ಮಾತ್ರ ಎರಡು. ನೀನು ಮೆಲ್ಬರ್ನ್ ಆರಿಸಿ, ಪಾಯಿಂಟ್ ಕುಕ್‌ನಲ್ಲಿರುವ ಸುಮಂಗಲಾ ಆಂಟಿಯ, ಅಂದರೆ ನಮ್ಮ ಪದ್ಮಿನಿ ಆಂಟಿಯ ತಂಗಿಯ ಮನೆಯಲ್ಲಿ ಇರುವುದೆಂದು ನಿಮ್ಮಲ್ಲಿ ಮಾತಾಗಿದೆಯಂತೆ. ಹೋದ ತಿಂಗಳು ನಾನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿಯೇ ನಿನ್ನ ಅಮ್ಮ ಒಪ್ಪಿದರು ಎಂದು ನನ್ನ ಅಮ್ಮ ಹೆಮ್ಮೆಯಿಂದ ಹೇಳಿದಳು. ‘ಇಂಥೋರ ಮನೆ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣೇ’ ಎಂದಿದ್ದೆನಲ್ಲ ಅದರಲ್ಲಿ? ಆಗ ಪದ್ಮಿನಿ ಆಂಟಿ ಪಕ್ಕದಲ್ಲೇ ನಿಂತಿದ್ದರು, ಬೇರೇನು ಹೇಳಲಿ? ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಆ ಮನೆಗೆ ಹೋಗಬೇಡ.

ಇಲ್ಲಿ ಯಾರೂ ಕೆಟ್ಟವರಲ್ಲ ಮೇದಿ, ಕಷ್ಟ ಇರುವುದೇ ಅದರಲ್ಲಿ. ನಮ್ಮ ಮನೆಯಲ್ಲಿ ನನಗೆ ಊರು ಆರಿಸಿದ ದಿನ ನೀನೂ ಇದ್ದೆ. ಲ್ಯಾಬ್ ಹೇಗಿದೆ, ಕ್ಯಾಂಪಸ್ ಎಲ್ಲಿದೆ, ಒಬ್ಬರೂ ಕೇಳಲಿಲ್ಲ. ‘ಅಲ್ಲಿ ನಮ್ಮೋರು ಯಾರಿದಾರೆ?’ ಎಂದರು ಅಪ್ಪ. ‘ಸಿಡ್ನೀಲಿ ಪದ್ಮಿನಿ ಇದಾಳಲ್ಲ’ ಎಂದಳು ಅಮ್ಮ. ಅವರಿಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರಲ್ಲವೇ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ತೀರ್ಮಾನವಾಗಿತ್ತು. ಮಾರ್ಸ್ಡನ್ ಪಾರ್ಕ್‌ನಿಂದ ಕ್ಯಾಂಪಸ್‌ಗೆ ಬಸ್ಸು, ಮೆಟ್ರೋ, ನಡಿಗೆ ಎಲ್ಲ ಸೇರಿ ಒಂದೂಮುಕ್ಕಾಲು ಗಂಟೆ ಎಂದು ನನಗೆ ಗೊತ್ತಾದದ್ದು ಜುಲೈಯಲ್ಲಿ ಬಂದಿಳಿದ ಮೇಲೆ.

ಮೊದಲ ವಾರ ನಾನು ರೆಂಟ್ ಎಷ್ಟು ಕೊಡಲಿ ಎಂದು ಕೇಳಿದೆ. ಆಂಟಿಯ ಕಣ್ಣಲ್ಲಿ ನೀರೇ ಬಂತು. ‘ಮನೆ ಮಗಳ ಹತ್ರ ಯಾರಾದ್ರೂ ರೆಂಟ್ ಇಸ್ಕೋತಾರಾ? ನಿಮ್ಮಮ್ಮ ಕೇಳಿದ್ರೆ ಏನಂದ್ಕೊಂಡಾಳು?’ ಎಂದರು. ಅವರೇ ಚಳಿಗೆ ಜಾಕೆಟ್ ಕೊಡಿಸಿದರು, ಭಾನುವಾರ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದರು. ಇಷ್ಟೆಲ್ಲ ಮಾಡುವವರ ಮನೆಯಲ್ಲಿ ಕೈಕಟ್ಟಿ ಕೂರುವುದು ಹೇಗೆ? ಬೆಳಗಿನ ಕಾಫಿ ನಾನು ಮಾಡಿದೆ. ಆಮೇಲೆ ತಿಂಡಿ, ಆಮೇಲೆ ಅವರ ಆರು ವರ್ಷದ ಮಗಳು ಸಿರಿಯ ಲಂಚ್ ಬಾಕ್ಸ್. ಶ್ರೀಪತಿ ಅಂಕಲ್ ಆರಕ್ಕೇ ಕಾರು ಹತ್ತುತ್ತಾರೆ, ಆಂಟಿಗೆ ಆಸ್ಪತ್ರೆಯಲ್ಲಿ ಶಿಫ್ಟ್. ಆಗಸ್ಟ್ ಮುಗಿಯುವ ಹೊತ್ತಿಗೆ ಮೂರು ಗಂಟೆಗೆ ಸ್ಕೂಲಿನ ಗೇಟಿನ ಮುಂದೆ ನಿಲ್ಲುವವಳು ನಾನೇ ಆಗಿದ್ದೆ. ಯಾರೂ ನನಗೆ ಕೆಲಸ ಹೇಳಲಿಲ್ಲ, ನಾನೂ ಯಾವತ್ತೂ ಆಗುವುದಿಲ್ಲ ಎನ್ನಲಿಲ್ಲ. ರಾಜ್ಯೋತ್ಸವದ ದಿನ ಕನ್ನಡ ಸಂಘದಲ್ಲಿ ಆಂಟಿ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಇವಳು ನಮ್ಮ ಮನೆ ಮಗಳು, ಇವಳಿಲ್ದೆ ನಮ್ಮನೆ ನಡೆಯೋದೇ ಇಲ್ಲ’ ಎಂದು ಎಲ್ಲರಿಗೂ ಪರಿಚಯಿಸಿದರು. ಅದು ಅಕ್ಷರಶಃ ನಿಜವಾಗಿತ್ತು.

ನಮ್ಮ ಲ್ಯಾಬ್ ಮಂಗಳವಾರ, ಗುರುವಾರ ಎರಡರಿಂದ ಐದು. ಲ್ಯಾಬಿಗೆ ಹೋಗದೆ ಸ್ಕೂಲಿನ ಗೇಟಿಗೆ ಓಡಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಾತ್ರ ಬರುವುದಿಲ್ಲವೆಂದು ಮೊದಲೇ ಹೇಳಿದ್ದೆ. ಒಂದು ಗಂಟೆಗೆ ಆಂಟಿಯ ಮೆಸೇಜ್ ಬಂತು: ಶಿಫ್ಟ್ ಮುಗಿಯುತ್ತಿಲ್ಲ, ಸಿರಿಯನ್ನು ಪಿಕ್ ಮಾಡಿಬಿಡು, ಪ್ಲೀಸ್. ಆ ಪುಟ್ಟ ಹುಡುಗಿ ಗೇಟಿನ ಹತ್ತಿರ ಒಬ್ಬಳೇ ನಿಂತು ಅಳುವುದು ನನ್ನ ಕಣ್ಣಮುಂದೆ ಬಂತು. ಪರೀಕ್ಷೆಗೆ ಕೂರದೆ ಹೊರಟೆ. ನನ್ನನ್ನು ಕಂಡು ಅವಳು ‘ಇಂಚು ಅಕ್ಕಾ, ಯು ಕೇಮ್’ ಎಂದು ಓಡಿಬಂದು ತಬ್ಬಿಕೊಂಡಳು. ನನಗೆ ಅವಳ ಮೇಲೆ ಪ್ರಾಣ. ಆ ಸಬ್ಜೆಕ್ಟ್ ನಾನು ಫೇಲ್. ಯೂನಿವರ್ಸಿಟಿಯಿಂದ ಎಚ್ಚರಿಕೆಯ ಇಮೇಲ್ ಬಂದಿದೆ. ಇನ್ನೊಮ್ಮೆ ಹೀಗಾದರೆ ವೀಸಾಕ್ಕೇ ತೊಂದರೆಯಂತೆ. ಅಪ್ಪ ಅಮ್ಮನಿಗೆ ಗೊತ್ತಿಲ್ಲ. ಆಂಟಿಗೂ ಹೇಳಿಲ್ಲ, ಹೇಳಿದರೆ ಅವರು ಅಳುತ್ತಾರೆ, ಆಮೇಲೆ ನಾನೇ ಸಮಾಧಾನ ಮಾಡಬೇಕು.

ರಿಯೋನಾ ಕ್ಯಾಂಪಸ್ ಹತ್ತಿರ ಇನ್ನೂ ಮೂವರ ಜೊತೆ ಒಂದು ಹಳೇ ಮನೆಯಲ್ಲಿದ್ದಾಳೆ. ಬಾತ್‌ರೂಮಿಗೆ ಸರದಿ, ಯಾರು ಯಾವ ದಿನ ಕಸ ಹೊರಗಿಡಬೇಕೆಂದು ಫ್ರಿಜ್ ಮೇಲೊಂದು ಪಟ್ಟಿ. ನಾನು ಹೋದ ದಿನ ಅಡುಗೆಮನೆಯಿಂದ ಯಾರೋ ಅವಳನ್ನು ಕೂಗಿದರು. ಓದುತ್ತಿದ್ದೇನೆ ಎಂದು ಕೂಗಿ ಹೇಳಿ ಇವಳು ಬಾಗಿಲು ಹಾಕಿಕೊಂಡಳು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು ಗೊತ್ತೇ? ಅವಳು ತಿಂಗಳಿಗೆ ಕೊಡುವ ಬಾಡಿಗೆಯಲ್ಲಿ ಆ ಬಾಗಿಲೂ ಸೇರಿದೆ ಎಂದು ನನಗೆ ಅವತ್ತು ಹೊಳೆಯಿತು.

ಸುಮಂಗಲಾ ಆಂಟಿಗೆ ಫೆಬ್ರವರಿಯಲ್ಲಿ ಹೆರಿಗೆ. ಅವರ ಅತ್ತೆಗೆ ವೀಸಾ ಆಗಿಲ್ಲ. ನೀನು ಬರುವುದೂ ಫೆಬ್ರವರಿಯಲ್ಲೇ. ಇಷ್ಟು ಹೇಳಿದರೆ ನಿನಗೆ ಸಾಕು. ಪಾಯಿಂಟ್ ಕುಕ್‌ನಲ್ಲೂ ಕಾರಿಲ್ಲದವರಿಗೆ ಕೈಕಾಲಿಲ್ಲದ ಹಾಗೆಯೇ. ಎಲ್ಲಿಗೆ ಹೋಗಬೇಕಾದರೂ ಅವರೇ ಫ್ರೀವೇಯಲ್ಲಿ ಕರೆದುಕೊಂಡು ಹೋಗಬೇಕು.

ಮೆಲ್ಬರ್ನ್ ಬೇಕೆನಿಸಿದರೆ ಧಾರಾಳವಾಗಿ ಮೆಲ್ಬರ್ನ್‌ಗೇ ಹೋಗು. ಅಲ್ಲಿನ ಲ್ಯಾಬ್ ಇಲ್ಲಿಗಿಂತ ಚೆನ್ನಾಗಿದೆಯಂತೆ. ಸಿಡ್ನಿ ಬೇಕೆಂದರೆ ರಿಯೋನಾಳ ಮನೆಯಲ್ಲಿ ಜನವರಿಯಿಂದ ಒಂದು ರೂಮು ಖಾಲಿ. ಯಾವ ಊರಾದರೂ ಸರಿ, ಕ್ಯಾಂಪಸ್ಸಿಗೆ ನಡೆದುಹೋಗುವಷ್ಟು ಹತ್ತಿರ, ಪರಿಚಯವಿಲ್ಲದವರ ಮನೆಯಲ್ಲಿ ರೂಮು ಹಿಡಿ. ನಿನ್ನ ಅಮ್ಮ ಹೆದರುತ್ತಾರೆ, ನನ್ನ ಅಮ್ಮ ನನ್ನನ್ನು ಬೈಯುತ್ತಾಳೆ. ಬೈಯಲಿ. ನನ್ನ ಹೆಸರು ಹೇಳಿಯೇ ಬೇಡ ಎನ್ನು.

ನಿನ್ನನ್ನು ತುಂಬ ನೆನೆಯುವ,
ಇಂಚರಾ

ತಾ.ಕ.: ಕವರ್ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ವಾಯ್ಸ್ ಮೆಸೇಜ್ ಮಾಡುವಾಗ ಪದ್ಮಿನಿ ಆಂಟಿ ಪಕ್ಕದಲ್ಲಿ ನಿಂತಿದ್ದರೆಂದು ಬರೆದದ್ದು ಸುಳ್ಳು. ಮೆಟ್ರೋ ಸ್ಟೇಷನ್ನಿನ ಬೆಂಚಿನಲ್ಲಿ ಒಬ್ಬಳೇ ಕೂತು, ದನಿ ಖುಷಿಯಾಗಿ ಬರಲಿಲ್ಲವೆಂದು ಮೂರು ಸಲ ರೆಕಾರ್ಡ್ ಮಾಡಿದೆ. ಜನವರಿಯಲ್ಲಿ ಸಿರಿಯ ಅಜ್ಜಿ, ಶ್ರೀಪತಿ ಅಂಕಲ್‌ನ ಅಮ್ಮ, ಬರುತ್ತಾರೆ, ಇಲ್ಲಿ ನನ್ನ ಅಗತ್ಯ ಮುಗಿಯುತ್ತದೆ. ಸುಮಂಗಲಾ ಆಂಟಿಯ ಮನೆಗೆ ಹೋಗಬೇಕಿದ್ದವಳು ನಾನು. ‘ಮೆಲ್ಬರ್ನ್ ಕ್ಯಾಂಪಸ್‌ಗೆ ಟ್ರಾನ್ಸ್‌ಫರ್ ಮಾಡಿಸ್ಕೊಳಮ್ಮ’ ಎಂದು ಪದ್ಮಿನಿ ಆಂಟಿ ಕೇಳಿದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನನ್ನ ಫ್ರೆಂಡ್ ಒಬ್ಬಳು ಬರುತ್ತಿದ್ದಾಳೆ, ಅವಳಿಗೆ ಮಕ್ಕಳೆಂದರೆ ತುಂಬ ಇಷ್ಟ ಎಂದುಬಿಟ್ಟೆ. ಅಲ್ಲಿಯವರೆಗೆ ನೀನು ಯಾರೆಂದೇ ಅವರಿಗೆ ಗೊತ್ತಿರಲಿಲ್ಲ. ನಿನ್ನ ಹೆಸರು, ನಿನ್ನ ಅಮ್ಮನ ನಂಬರ್, ಎರಡನ್ನೂ ಕೊಟ್ಟವಳು ನಾನು. ನೀನು ಬರುವುದಿಲ್ಲ ಎಂದ ದಿನ ಅವರು ಮತ್ತೆ ನನ್ನನ್ನೇ ಕರೆಯುತ್ತಾರೆ. ಆಗ ಇಲ್ಲ ಎನ್ನುತ್ತೇನೆಂದು ನನಗೇ ನಂಬಿಕೆಯಿಲ್ಲ. ನೀನಾದರೂ ಇಲ್ಲ ಎನ್ನು.