ಇಸಳೂರು ರೈಲ್ವೆಯ ಸಿಳ್ಳೆ

ಇಸಳೂರು, ಶಿರಸಿ
12 ಡಿಸೆಂಬರ್ 1998

ಅಖಂಡ ಜಗಲಿ ಮಂಡಲದ ರೈಲ್ವೆ ಸಾಮ್ರಾಜ್ಞಿ, ಕೆಂಪು ಹಸಿರು ಬಾವುಟಗಳ ಒಡತಿ, ಸದ್ಯ ಯಲ್ಲಾಪುರದ ಗಂಡನ ಮನೆಯಲ್ಲಿ ವಿರಾಜಮಾನಳಾದ ಸೌ. ದೇವಕಿ ಅಕ್ಕನ ಪಾದಾರವಿಂದಗಳಲ್ಲಿ, ಅಧೀನ ಗಾರ್ಡ್ ಕಿಶೋರನ ಸಾಷ್ಟಾಂಗ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸು. ರೈಲ್ವೆಯಲ್ಲಿ ತಡವಾಗುವುದು ಸಂಪ್ರದಾಯ. ಆಯಿ ಆರಾಮಿದ್ದಾಳೆ. ಅಪ್ಪನ ವರ್ಷಾಂತಿಕ ಶ್ರಾದ್ಧ ಮುಗಿದ ಮೇಲೆ ನೀನು ಈ ಕಡೆ ತಲೆ ಹಾಕಿಲ್ಲವೆಂದು ಗೊಣಗುತ್ತಾಳೆ. 'ಆ ಮನೇಲಿ ಇನ್ನು ಎಂತ ಕೇಳಲೆ ಬಪ್ಪದು? ಅಪ್ಪನ ರೈಲು ಮತ್ತೆ ಸಿಳ್ಳೆ ಹೊಡೆದ್ರೆ ತಿಳಿಸು, ಬತ್ತೆ' ಎಂದು ನೀನು ಬರೆದದ್ದನ್ನು ಅವಳಿಗೆ ಓದಿ ಹೇಳಿಲ್ಲ. ನಮ್ಮ ಆ ಆಟದ ರೈಲನ್ನು ಮಾತ್ರ ಅಟ್ಟದಿಂದ ಇಳಿಸಿದೆ.

ಕಾಮಗಾರಿ ವರದಿ ಹೀಗಿದೆ. ತಗಡಿನ ಹಳಿಗಳ ತುಕ್ಕನ್ನು ಸೀಮೆಎಣ್ಣೆ ಹಚ್ಚಿ ತಿಕ್ಕಿದೆ. ಎರಡನೇ ಡಬ್ಬಿಯ ಕಳೆದುಹೋದ ಚಕ್ರದ ಜಾಗಕ್ಕೆ ನನ್ನ ಕೋಟಿನ ಗುಂಡಿ ಬಂದಿದೆ. ಪ್ರಯಾಣಿಕರು ಸ್ವಲ್ಪ ಕುಲುಕಾಡುತ್ತಾರೆ. ಎಂಜಿನ್ನಿನ ಸ್ಪ್ರಿಂಗ್ ತುಂಡಾಗಿತ್ತು. ಆಯಿಯ ಅಲಾರಾಂ ಗಡಿಯಾರ ದೇಶಸೇವೆಗೆ ಪ್ರಾಣ ಕೊಟ್ಟಿತು.

'ನಾಳೆ ಎನ್ನ ನಿನ್ನ ರೈಲು ಎಬ್ಬಿಸ್ತಾ?' ಎಂದಳು.

'ಎಬ್ಬಿಸ್ತು ಆಯಿ, ಆದ್ರೆ ಲೇಟಾಗಿ.'

ಈಗ ನಮ್ಮ ಮನೆಯಲ್ಲಿ ರೈಲು ಓಡುತ್ತಿದೆ, ಹೊತ್ತು ನಿಂತಿದೆ. ನಿಲ್ದಾಣಗಳು ಅಪ್ಪ ಹೆಸರಿಟ್ಟವೇ: ಜಗಲಿ ಶಿರಸಿ, ಕಂಬದ ಬುಡ ಸಿದ್ದಾಪುರ, ದೇವರಕೋಣೆಯ ಹೊಸ್ತಿಲು ಯಲ್ಲಾಪುರ. 'ಶಿರಸಿಗೆ ರೈಲು ಬಪ್ಪಲೆ ತಡ ಇದ್ದು, ಅಲ್ಲೀವರೆಗೆ ಇದ್ರಲ್ಲಿ ಹೋಗಿ' ಎನ್ನುತ್ತಿದ್ದನಲ್ಲ. ನಿನ್ನೆ ಗಾಡಿ ಯಲ್ಲಾಪುರ ತಲುಪಿತು. ಸಿಳ್ಳೆಯೂ ಹೊಡೆಯಿತು, ಥೇಟ್ ಮೊದಲಿನ ಹಾಗೆ. ಆದ್ದರಿಂದ ಮಾತಿನಂತೆ ಸಮೃದ್ಧಿಯನ್ನು ಕರೆದುಕೊಂಡು ಹೊರಡತಕ್ಕದ್ದು. ಮಗುವಿಗೆ ಟಿಕೆಟ್ ಇಲ್ಲ.

ಭಾವನಿಗೆ ನಮಸ್ಕಾರ, ಸಮೃದ್ಧಿಗೆ ಮುತ್ತು. ನೀನು ಹಿರಿಯಳಾದರೂ ಇಲಾಖೆಯ ಪರವಾಗಿ ನಾನೇ ಆಶೀರ್ವದಿಸುತ್ತೇನೆ: ನಿನ್ನ ದಾರಿಯ ಸಿಗ್ನಲ್ಲುಗಳೆಲ್ಲ ಹಸಿರಾಗಿರಲಿ.

ಇಂತಿ ನಿನ್ನ ತಮ್ಮ,
ಕಿಶೋರ

ತಾ.ಕ.: ಸಿಳ್ಳೆಯ ವಿಷಯ ಸುಳ್ಳು. ಎಂಜಿನ್ನನ್ನು ಪೂರ್ತಿ ಬಿಚ್ಚಿ ನೋಡಿದೆ, ಒಳಗೆ ಸಿಳ್ಳೆಯೇ ಇಲ್ಲ. ಆಯಿಯನ್ನು ಕೇಳಿದರೆ, 'ಅದ್ಕೆ ಎಲ್ಲಿತ್ತು ಸಿಳ್ಳೆ ತಮಾ? ನಿನ್ನಪ್ಪ ಬಾಗ್ಲ ಹಿಂದೆ ನಿಂತ್ಕಂಡು ಹೊಡೀತಿದ್ದ. ಮಕ್ಕಳಿಗೆ ಈ ಗುಟ್ಟು ಹೇಳಡ ಹೇಳಿದ್ದ' ಎಂದಳು. ಅದೇ ಬಾಗಿಲ ಹಿಂದೆ ನಿಂತು ನಾನೂ ಬಾಯಿಗೆ ಬೆರಳಿಟ್ಟು ಊದಿದೆ. ಬರೀ ಗಾಳಿ ಬಂತು, ಸ್ವಲ್ಪ ಉಗುಳು. ಆದರೂ ಬಾ ಅಕ್ಕ. ಸಿಳ್ಳೆ ನಿನಗೆ ಬಂದರೂ ಬಂದೀತು.