ಉಳಿದ ಏಳು ನೂರು

ಜೂನ್ 5, ಗುರುವಾರ

ಲೈಬ್ರರಿಯ ಕೆಲಸ ಮುಗಿಸಿ ಬರುತ್ತ ಕೇಶ್ವಾಪುರದಲ್ಲಿ ಗಿರಮಿಟ್ಟು, ಚಾ — 50. ಐದನೇ ತಾರೀಖಿಗೇ 1,150 ಹೋಯಿತು! ಗೆಳತಿ ಚಿನ್ಮಯೀ ಮಗಳ ಬರ್ಥ್‌ಡೇ ಒಂದೇ ಎಂಟು ನೂರು ನುಂಗಿತು. ತಿರುಗಾಟ, ಹರಟೆ, ಉಡುಗೊರೆ ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರ. ನನಗೆ ನಾನೇ ಹೇಳಿಕೊಳ್ಳಬೇಕು: ಏ ಇಂದೂ, ಇದು ನೀನೇ ಹಾಕಿಕೊಂಡ ಲಿಮಿಟ್. ಮಾರ್ಚ್‌ನಲ್ಲಿ ಕುಣಿದಾಡಿ, ಬಾಡಿಗೆಗೆ ಅಣ್ಣನ ಮುಂದೆ ಕೈಚಾಚಿದ್ದು ಮರೆತೆಯಾ? ಅತ್ತಿಗೆಯ ಆ ನಗು...

ರವಿವಾರ ಭಿಶಿ. ನಾವು ಆರು ಜನ ಗೆಳತಿಯರು, ತಿಂಗಳಿಗೊಬ್ಬರ ಮನೆಯಲ್ಲಿ ಊಟ. ಈ ಸಲ ಅಮರಗೋಳದ ಭಾಗ್ಯಶ್ರೀ ಮನೆ. ಕುಪ್ಪಸದ ಕಣ, ಹಣ್ಣು — 300. ಆಟೋ ಹೋಗಲು 200, ಬರಲು 200. ಬಿಸ್ಕಿಟ್ ಡಬ್ಬಿಯಿಂದ ನೂರರ ಏಳು ನೋಟು ತೆಗೆದು ಅರಿಷಿಣದ ಪೊಟ್ಟಣದ ಜೊತೆ ಇಟ್ಟೆ. ಇನ್ನು ಉಳಿಯುವುದು 150. ಇಪ್ಪತ್ತೈದು ದಿನಕ್ಕೆ!

ಜೂನ್ 8, ರವಿವಾರ, ಮಧ್ಯಾಹ್ನ 2.30

ಹೋಗಲಿಲ್ಲ. ಜ್ವರ ಎಂದು ಭಾಗ್ಯಶ್ರೀಗೆ ಮೆಸೇಜ್ ಹಾಕಿದೆ. ಉಳಿದ ನಾಲ್ವರು ಇದ್ದೇ ಇರುತ್ತಾರಲ್ಲ. ನೋಟು ಮತ್ತೆ ಡಬ್ಬಿಗೆ. ಪೊಟ್ಟಣ ಒಡೆದು ಅಂಚಿಗೆಲ್ಲ ಅರಿಷಿಣ ಹತ್ತಿದೆ. ಉಳಿತಾಯ 700. ಭಾರೀ ಶಾಣ್ಯಾಕಿ ನಾನು.

ಈಗಷ್ಟೇ ಭಾಗ್ಯಶ್ರೀ ಫೋನು.

"ಜ್ವರ ಹೆಂಗದವಾ? ಇಳದ್ರ ಬಾ. ಆರು ತಾಟ ಹಾಕೇನಿ. ಇನ್ನ ಯಾರೂ ಬಂದಿಲ್ಲ."

"ಬರ್ತಾರ ತಗೋ. ನೀ ಉಂಡಬಿಡು. ನಿನಗ ಶುಗರ್ ಅದ."

"ಮಂದಿ ಉಣ್ಣೂಕಿಂತ ಮದ್ಲ ನಾ ಹೆಂಗ ಉಣ್ಣಲಿ? ಇಂಜೆಕ್ಷನ್ ತಗೊಂಡೇನಿ. ಕಾಯ್ತೇನಿ."

ಅದೇ ಹಳೇ ಹಟ. ಕರೆದವರು ಬಂದು ಉಂಡ ಮೇಲೆಯೇ ಅವಳ ತುತ್ತು. ಮಲಗುತ್ತೇನೆ ಸ್ವಲ್ಪ.

ಜೂನ್ 10

ಭಾಗ್ಯಶ್ರೀ ಮಣ್ಣಿಗೆ ಹೋಗಿ ಬಂದೆ.

ಅವತ್ತು ಒಬ್ಬರೂ ಹೋಗಿರಲಿಲ್ಲ. ಐದು ಜನ, ಐದು ನೆಪ. ಉಳಿದ ನಾಲ್ವರು ಅವಳಿಗೆ ತಿಳಿಸಿಯೂ ಇರಲಿಲ್ಲ. ಬೇರೆಯವರು ಹೋಗುತ್ತಾರೆಂದು ಎಲ್ಲರೂ ಮನೆಯಲ್ಲಿ ಕೂತಿದ್ದೆವು. ಅವಳ ಗಂಡ ಮಹಾಂತಯ್ಯ ಸಂಜೆ ಬಂದು ನೋಡಿದರೆ ತಾಟಿನ ಮುಂದೆ ಗೋಡೆಗೆ ಒರಗಿದ್ದಳಂತೆ. ಅಡುಗೆ ಹಾಗೇ ಇತ್ತು. ಇನ್ಸುಲಿನ್ ಇಂಜೆಕ್ಷನ್ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ಕಾದಳು. ಶುಗರ್ ತೀರ ಇಳಿದು ಜೀವ ಹೋಯಿತು.

ನಾನು ಕೊಂದೆ. ಏಳು ನೂರು ಉಳಿಸಲು ಕೊಂದೆ. ಇಲ್ಲಿ ಬರೆದರೆ ಯಾರು ಓದುತ್ತಾರೆ?

ಇವತ್ತಿನ ಆಟೋ 400. ಮಜಾದ ಲೆಕ್ಕದಲ್ಲಿ ಬರೆಯಲು ಕೈ ಬರಲಿಲ್ಲ. ಮನೆಖರ್ಚಿಗೆ ಹಾಕಿದೆ.

ಜೂನ್ 30

ಡಬ್ಬಿ ಎಣಿಸಿದೆ. 700.

ಆ ಏಳು ನೋಟನ್ನು ಹದಿನೈದಕ್ಕೇ ಮಠದ ದಾಸೋಹಕ್ಕೆ ಕೊಟ್ಟು ಬಂದಿದ್ದೇನೆ. ಅವಳ ಹೆಸರಿನಲ್ಲಿ ನಾಲ್ಕು ಜನ ಉಣ್ಣಲಿ ಎಂದು. ರಸೀದಿ ಇದೆ. ನೋಟೂ ಇವೆ. ಅಂಚಿನಲ್ಲಿ ಅರಿಷಿಣ.

ಜುಲೈ 31

ಈ ತಿಂಗಳು ಲಿಮಿಟ್ ಮರೆತು ಖರ್ಚು ಮಾಡಿದೆ. ಚಿನ್ಮಯೀ ಜೊತೆ ಸಿನೆಮಾ, ಹೋಟೆಲು. ಬಿಲ್ಲು ನಾನೇ ಕೊಟ್ಟೆ. ಆ ಏಳು ನೋಟೂ ಹೋಟೆಲಿನ ಗಲ್ಲೆಗೆ ಹೋದದ್ದನ್ನು ಕಣ್ಣಾರೆ ನೋಡಿದೆ.

ಡಬ್ಬಿಯಲ್ಲಿ 700.

ಚಿನ್ಮಯೀಗೆ ಹೇಳಿದೆ. "ಬರಿಯೂದ್ರಾಗ ತಪ್ಪೀದಿ" ಎಂದಳು. ಆಮೇಲೆ, "ಇಂದೂ, ಭಾಗ್ಯಾನ ಮಾತು ಬ್ಯಾಡ, ನನಗ ನಿದ್ದಿ ಬರೂದಿಲ್ಲ" ಎಂದಳು. ಭಿಶಿ ನಿಂತು ಹೋಗಿದೆ. ನಿಲ್ಲಿಸೋಣ ಎಂದು ಯಾರೂ ಹೇಳಿಲ್ಲ.

ಸೆಪ್ಟೆಂಬರ್ 14, ರವಿವಾರ

ಹಣ್ಣಿನ ದುರಗವ್ವ ಅರಿಷಿಣದ ನೋಟು ವಾಪಸ್ ಕೊಟ್ಟಳು.

"ಬ್ಯಾರೆ ಕೊಡ್ರಿ ಅಕ್ಕಾರ. ಇದಕ್ಕ ಎಣಗಾಯಿ ವಾಸನಿ ಬರಾಕತ್ತೈತಿ. ಈಗ ಒಲಿ ಮ್ಯಾಲಿಂದ ಇಳಿಸಿದಂಗ."

ಮೂಸಿದೆ. ಖರೇ. ಬಿಸಿ ಬದನೆಕಾಯಿ ಎಣಗಾಯಿ, ಗುರೆಳ್ಳಿನ ಪುಡಿ. ಭಾಗ್ಯಶ್ರೀ ಕೈಯದು.

ಒಂದೂವರೆ ತಿಂಗಳಿಂದ ತಿರುಗಾಟಕ್ಕೆ ಎಲ್ಲಿಗೂ ಹೋಗಿಲ್ಲ. ಲಿಮಿಟ್ ಪಾಲಿಸಲು ಎಂಥ ಛಲೋ ಉಪಾಯ! ಹೆದರಿಕೆ ಆಗುತ್ತಿದೆ.

ಡಿಸೆಂಬರ್ 12

ಫ್ರಿಜ್ ಮೇಲೆ ಭಿಶಿಯ ಯಾದಿ ಇನ್ನೂ ಅಂಟಿಕೊಂಡಿದೆ. ಅವಳದೇ ದುಂಡು ಅಕ್ಷರ. ಆರು ತಿಂಗಳಿಗೆ ಪಾಳಿ ಒಂದು ಸುತ್ತು ಬಂತು: "ಡಿಸೆಂಬರ್ 14 — ನಮ್ಮ ಮನಿ. ತಪ್ಪಸಬ್ಯಾಡ್ರಿ."

ಆ ದುಡ್ಡು ಯಾತಕ್ಕೆ ತೆಗೆದಿಟ್ಟಿದ್ದೋ ಅದಕ್ಕೇ ಖರ್ಚಾಗಬೇಕು. ಬೇರೆ ದಾರಿಯಿಲ್ಲ. ಮಹಾಂತಯ್ಯನವರಿಗೆ ಫೋನು ಮಾಡಿದೆ.

"ನಾ ಗದಗದಾಗ ತಂಗಿ ಮನ್ಯಾಗ ಇದ್ದೇನ್ರಿ. ಆ ಮನಿಗೆ ಕೀಲಿ ಹಾಕಿ ಆರ ತಿಂಗಳಾತು. ಏನರ ಇಡೂದಿದ್ರ ಹೊಸ್ತಿಲದಾಗ ಇಟ್ಟ ಬರ್ರಿ."

ಡಿಸೆಂಬರ್ 14, ರವಿವಾರ, ಮಧ್ಯಾಹ್ನ 1.10

ಕಣ, ಹಣ್ಣು — 300. ಆಟೋ — 200. ಅರಿಷಿಣದ ಐದು ನೋಟು ಹೋದವು. ಎರಡು ಉಳಿದಿವೆ, ಬರುವ ಆಟೋಕ್ಕೆ. ಆರು ತಿಂಗಳ ಮೇಲೆ ಎದೆ ಹಗುರಾಯಿತು. ಆಟೋದಲ್ಲೇ ಅತ್ತೆ.

ಅವಳ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಖರ್ಚು ಆದ ತಕ್ಷಣ ಬರೆಯುವ ಚಟ. ಇನ್ನು ಹೊಸ್ತಿಲಲ್ಲಿ ಇಟ್ಟು ಹೊರಡುವುದು.

ಬಾಗಿಲಿಗೆ ಕೀಲಿ ಇಲ್ಲ.

1.25

ಒಳಗಿದ್ದೇನೆ. ಪಡಸಾಲೆಯಲ್ಲಿ ಆರು ತಾಟು. ಧೂಳಿಲ್ಲ. ಲೋಟದಲ್ಲಿ ನೀರು ತಣ್ಣಗಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಬಳೆ ಸಪ್ಪಳ. ಒಳಗೆ ಬಂದಾಗ ನಾನು ಬಾಗಿಲು ಹಾಕಿರಲಿಲ್ಲ. ಈಗ ಅದು ತಾನಾಗಿ ಹಾಕಿಕೊಂಡಿದೆ.

"ಇಂದೂ, ಬಂದಿ? ಜ್ವರ ಬಿಡ್ತ?"

ಹೂಂ ಅಂದೆ. ಮತ್ತೇನು ಅನ್ನಲಿ?

"ಕೂಡು ಹಂಗಾರ. ಉಳದವರೂ ಬರ್ಲಿ. ಎಲ್ಲಾರೂ ಬಂದಮ್ಯಾಲ ಉಣ್ಣೋಣು."

ಯಾರೂ ಬರುವುದಿಲ್ಲ ಭಾಗ್ಯಾ. ಇದನ್ನು ಬಾಯಿ ಬಿಟ್ಟು ಹೇಳಲಾಗುತ್ತಿಲ್ಲ. ಇಲ್ಲೇ ಬರೆಯುತ್ತಿದ್ದೇನೆ.

ಬಳೆ ಸಪ್ಪಳ ಹತ್ತಿರ ಬರುತ್ತಿದೆ.

ಬರುವ ಆಟೋ — 200. ಖರ್ಚಾಗಿಲ್ಲ. ಈ ತಿಂಗಳ ಲೆಕ್ಕದಲ್ಲಿ ಅದು ಉಳಿದೇ —